ಬಣವೆಯ ನಡು

ಹೆಣ್ಣು ಕೊಡಲು ಬಂದವರು ಮೊದಲು ಹಿತ್ತಿಲಿನ ಬಣವೆಯನ್ನು ನೋಡುತ್ತಿದ್ದರೆಂದು ಮಂಡ್ಯ ಸೀಮೆಯ ನಮ್ಮೂರಿನ ಹಿರಿಯರು ಹೇಳುತ್ತಿದ್ದರು. ಬಣವೆ ದೊಡ್ಡದಿದ್ದರೆ ಗದ್ದೆಯುಂಟು, ದನವುಂಟು. ಓರೆಯಾಗದೆ ನಿಂತಿದ್ದರೆ ಆ ಮನೆಯಲ್ಲಿ ಕೆಲಸ ಬಲ್ಲವರೂ ಉಂಟು.

ನೋಡುವವರಿಗೆ ಅದು ಹುಲ್ಲಿನ ರಾಶಿ. ಒಟ್ಟುವವನಿಗೆ ಒಂದು ಕಟ್ಟಡ. ನೆಲದ ತೇವವೂ ಗೆದ್ದಲೂ ತಾಗದಂತೆ ಕಲ್ಲು ಜೋಡಿಸಿ, ಮೇಲೆ ಮರದ ದಿಮ್ಮಿಗಳನ್ನು ಹಾಸಬೇಕು. ಬಳಿಕ ಒಬ್ಬಾತ ಕಂತೆಗಳ ಬುಡ ಹೊರಕ್ಕೆ ಬರುವಂತೆ ಸುತ್ತಲೂ ಇಟ್ಟು, ತುಳಿಯುತ್ತ ಮೇಲೇರುತ್ತಾನೆ. ನಡು ಸದಾ ಅಂಚಿಗಿಂತ ಎತ್ತರವಾಗಿರಬೇಕು. ಆಗ ಒಂದೊಂದು ಕಡ್ಡಿಯೂ ಹೊರಕ್ಕೆ ಇಳಿಜಾರಾಗಿ ಮಳೆಯ ನೀರು ಜಾರಿಹೋಗುತ್ತದೆ. ನಡು ತಗ್ಗಿತೋ, ನೀರು ಒಳಕ್ಕಿಳಿಯಿತೆಂದೇ ತಿಳಿಯಿರಿ. ಮೇಲಿರುವವನಿಗೆ ತಾನು ಕಟ್ಟುವ ಗೋಡೆ ಕಾಣದು. ಕೆಳಗಿನಿಂದ ಕಂತೆ ಎಸೆಯುವವನೇ ಅವನ ಕಣ್ಣು.

1993ರ ಸುಗ್ಗಿಯಲ್ಲಿ ಆ ಕೆಲಸ ನನ್ನ ಪಾಲಿಗೆ ಬಂದಿತ್ತು. ತುಂತುರಿಗೆ ನೆನೆದಿದ್ದ ಭತ್ತದ ಹುಲ್ಲನ್ನು ಬಿಚ್ಚಿ, ಬಿಸಿಲಿಗೆ ಹರಡಿ, ಮತ್ತೆ ಕಟ್ಟೆಂದು ಅಪ್ಪ ಹೇಳಿದ್ದರು. ಆಟದ ಆತುರದಲ್ಲಿ ನಾನು ಕಂತೆಗಳನ್ನು ಬಿಚ್ಚದೆ ಬರಿದೆ ಮಗುಚಿ ಹಾಕಿದ್ದೆ.

"ಒಳಗೂ ಒಣಗೈತೇನ್ಲಾ?" ಎಂದು ಅಪ್ಪ ಮೇಲಿನಿಂದ ಕೇಳಿದರು.

"ಒಣಗೈತೆ ಕಣಪ್ಪ" ಎಂದೆ. ಅವರು ನಂಬಿ ತುಳಿದರು.

ಒತ್ತಿ ಒಟ್ಟಿದ ಹಸಿ ಹುಲ್ಲಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಾವು ಹುಟ್ಟುತ್ತದೆ. ಹುಲ್ಲು ಬೂಷ್ಟು ಹಿಡಿಯುತ್ತದೆ; ಕೆಲವೊಮ್ಮೆ ತಾನಾಗಿಯೇ ಹೊತ್ತಿಕೊಳ್ಳುವುದೂ ಉಂಟು. ಈಗ ಯಂತ್ರವು ಗದ್ದೆಯಲ್ಲಿಯೇ ಹುಲ್ಲನ್ನು ಸುತ್ತಿ ಪೆಂಡಿ ಕಟ್ಟಿಕೊಡುತ್ತದೆ. ತೇವ ನೂರಕ್ಕೆ 20 ಪಾಲನ್ನು ಮೀರಿದರೆ ಆ ಪೆಂಡಿಗೂ ಇದೇ ಅಪಾಯ.

ನಮ್ಮ ಬಣವೆ ಹೊತ್ತಿಕೊಳ್ಳಲಿಲ್ಲ. ಬೇಸಗೆಯಲ್ಲಿ ಹುಲ್ಲು ಹಿರಿಯುತ್ತ ಹೋದಂತೆ ಒಳಗೆಲ್ಲ ಕಪ್ಪು. ದನಗಳು ಮೂಸಿ ಮುಖ ತಿರುಗಿಸಿದವು. ಮೇವು ಸಾಲದೆ ಗಬ್ಬದ ಹಸುವೊಂದನ್ನು ಮಾರಬೇಕಾಯಿತು. ಅದನ್ನು ಹೊಡೆದುಕೊಂಡು ಹೋದ ದಿನ ಅವ್ವ ಒಲೆ ಹಚ್ಚಲಿಲ್ಲ. ಅಪ್ಪ ನನ್ನನ್ನು ಬಯ್ಯಲಿಲ್ಲ, ಒಂದು ಹಿಡಿ ಹುಲ್ಲನ್ನು ಮೂಸಿ ನೋಡಿ, "ಮುಂದಿನ್ ಸುಗ್ಗೀಲಿ ನೀನ್ ಮ್ಯಾಲ್ ಹತ್ತು. ನಾನ್ ಕಂತೆ ಕೊಡ್ತೀನಿ" ಎಂದರು.

ಮರುವರ್ಷ ನಾನು ಹತ್ತಿದೆ. ಅಂಚು ಕಾಣದ ಆ ಎತ್ತರದಲ್ಲಿ ಕಾಲು ನಡುಗುತ್ತಿತ್ತು. "ಎಡಕ್ಕೆ ಸರಿ, ನಡು ತುಂಬು" ಎಂದು ಕೆಳಗಿನಿಂದ ದನಿ ಬರುತ್ತಿತ್ತು. ಅಪ್ಪ ಎಸೆದ ಕಂತೆಗಳಲ್ಲಿ ಒಂದನ್ನೂ ನಾನು ಬಿಚ್ಚಿ ನೋಡಲಿಲ್ಲ.