ಭಾರತದಲ್ಲಿ ಸಣ್ಣ ವ್ಯಾಪಾರಗಳ ಆನ್‌ಲೈನ್ ಮಾರಾಟ ಮತ್ತು ನಿಯಂತ್ರಣ ಕಾನೂನುಗಳು

ಅಂಗಡಿಕಾರರು, ಕುಶಲಕರ್ಮಿಗಳು, ಮನೆಯಲ್ಲಿಯೇ ತಿಂಡಿತಿನಿಸು ತಯಾರಿಸುವವರು ಮೊದಲಾದ ಕಿರು ಉದ್ಯಮಿಗಳು ಅಂತರಜಾಲದ ಮೂಲಕ ತಮ್ಮ ಸರಕನ್ನು ಪ್ರಚಾರ ಮಾಡಿ ಮಾರುವ ವ್ಯವಸ್ಥೆಯನ್ನು ಸಣ್ಣ ವ್ಯಾಪಾರಗಳ ಆನ್‌ಲೈನ್ ಮಾರಾಟ ಎನ್ನಲಾಗುತ್ತದೆ. ಭಾರತದಲ್ಲಿ ಇದನ್ನು ನಿಯಂತ್ರಿಸುವ ಒಂದೇ ಕಾಯ್ದೆ ಎಂಬುದಿಲ್ಲ. ತೆರಿಗೆ, ಗ್ರಾಹಕ ಸಂರಕ್ಷಣೆ, ತೂಕ ಮತ್ತು ಅಳತೆ, ಆಹಾರ ಸುರಕ್ಷತೆ, ದೂರಸಂಪರ್ಕ ಹೀಗೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉದ್ದೇಶಕ್ಕಾಗಿ ರೂಪುಗೊಂಡ ಕಾನೂನುಗಳು ಒಟ್ಟಾಗಿ ಅನ್ವಯಿಸುತ್ತವೆ. ಇವುಗಳಲ್ಲಿ ಹಲವು, ವ್ಯಾಪಾರದ ಗಾತ್ರಕ್ಕಿಂತ ಮಾರಾಟದ ವಿಧಾನವನ್ನು ಹೆಚ್ಚಾಗಿ ಗಮನಿಸುತ್ತವೆ. ಅಂಗಡಿಯಲ್ಲಿ ಕುಳಿತು ಮಾರುವಾಗ ಇಲ್ಲದ ಬಾಧ್ಯತೆ, ಅದೇ ಸರಕನ್ನು ಅಂತರಜಾಲದಲ್ಲಿ ಮಾರಿದೊಡನೆ ಹುಟ್ಟಿಕೊಳ್ಳುತ್ತದೆ. ಸಣ್ಣ ವ್ಯಾಪಾರಿಗಳ ತೊಡಕುಗಳ ಮೂಲ ಬಹುಮಟ್ಟಿಗೆ ಇಲ್ಲಿದೆ.

ಹಿನ್ನೆಲೆ

ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ 2006ರಲ್ಲಿ ಜಾರಿಗೆ ಬಂದಿತು. 2025ರ ಏಪ್ರಿಲ್ 1ರಿಂದ ಅನ್ವಯವಾಗುವ ವ್ಯಾಖ್ಯೆಯಂತೆ, 2.5 ಕೋಟಿ ರೂಪಾಯಿವರೆಗಿನ ಹೂಡಿಕೆ ಮತ್ತು 10 ಕೋಟಿ ರೂಪಾಯಿವರೆಗಿನ ವಾರ್ಷಿಕ ವಹಿವಾಟು ಇರುವುದು ಸೂಕ್ಷ್ಮ ಉದ್ಯಮ. ಈ ಒಂದು ಹೆಸರಿನಡಿ ಹತ್ತಾರು ಕೆಲಸಗಾರರ ಕಾರ್ಖಾನೆಯೂ ಬರುತ್ತದೆ, ಮನೆಯ ಪಡಸಾಲೆಯಲ್ಲಿ ಸಂಡಿಗೆ ಹಾಕಿ ಮಾರುವ ಗೃಹಿಣಿಯೂ ಬರುತ್ತಾಳೆ. ಈ ಲೇಖನವು ಮುಖ್ಯವಾಗಿ ಎರಡನೆಯ ಬಗೆಯವರಿಗೆ ಸಂಬಂಧಿಸಿದ್ದು.

ಬೆಂಗಳೂರಿನಲ್ಲಿ 2007ರಲ್ಲಿ ಪುಸ್ತಕ ಮಾರಾಟದಿಂದ ಆರಂಭವಾದ ಫ್ಲಿಪ್‌ಕಾರ್ಟ್ ಮತ್ತು 2013ರಲ್ಲಿ ಭಾರತಕ್ಕೆ ಬಂದ ಅಮೆಜಾನ್ ಸಂಸ್ಥೆಗಳು ಇತರ ಮಾರಾಟಗಾರರಿಗೆ ತಮ್ಮ ಜಾಲತಾಣಗಳಲ್ಲಿ ಸ್ಥಳ ಒದಗಿಸುವ ‘ಮಾರುಕಟ್ಟೆ ವೇದಿಕೆ’ಯ ಪದ್ಧತಿಯನ್ನು ಬೆಳೆಸಿದವು. 2016ರಲ್ಲಿ ಬಂದ ಯುಪಿಐ ಪಾವತಿಯು ಸಣ್ಣ ಮೊತ್ತದ ಹಣವನ್ನು ದೂರದಿಂದಲೇ ಪಡೆಯುವುದನ್ನು ಸುಲಭಗೊಳಿಸಿತು. ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂಗಳಲ್ಲಿ ಚಿತ್ರ ಹಾಕಿ ಬೇಡಿಕೆ ಪಡೆಯುವ ರೂಢಿಯೂ ಬೆಳೆಯಿತು. ಹೀಗಾಗಿ ಒಬ್ಬ ನೇಕಾರನಿಗೋ ಬೊಂಬೆ ತಯಾರಕನಿಗೋ ದಲ್ಲಾಳಿಯಿಲ್ಲದೆ ದೂರದ ಊರಿನ ಗ್ರಾಹಕರು ದೊರೆಯುವಂತಾಯಿತು.

ತೆರಿಗೆ ನೋಂದಣಿ

ಸರಕು ಮತ್ತು ಸೇವಾ ತೆರಿಗೆ (ಜಿಎಸ್‌ಟಿ) 2017ರ ಜುಲೈ 1ರಂದು ಜಾರಿಗೆ ಬಂದಿತು. ವಾರ್ಷಿಕ ವಹಿವಾಟು ನಿಗದಿತ ಮಿತಿಯನ್ನು ದಾಟದವರು ನೋಂದಣಿ ಪಡೆಯಬೇಕಾಗಿಲ್ಲ ಎಂಬುದು ಇದರ ಸಾಮಾನ್ಯ ನಿಯಮ. ಕರ್ನಾಟಕವೂ ಸೇರಿದಂತೆ ಬಹಳಷ್ಟು ರಾಜ್ಯಗಳಲ್ಲಿ 2019ರ ಏಪ್ರಿಲ್‌ನಿಂದ ಸರಕುಗಳಿಗೆ ಈ ಮಿತಿ 40 ಲಕ್ಷ ರೂಪಾಯಿ, ಸೇವೆಗಳಿಗೆ 20 ಲಕ್ಷ ರೂಪಾಯಿ. ಆದರೆ ಕೇಂದ್ರ ಕಾಯ್ದೆಯ 24ನೇ ಪ್ರಕರಣವು ಕೆಲವರಿಗೆ ಈ ವಿನಾಯಿತಿಯನ್ನು ನಿರಾಕರಿಸುತ್ತದೆ. ಬೇರೆ ರಾಜ್ಯಕ್ಕೆ ಸರಕು ಮಾರುವವರು ಮತ್ತು ತೆರಿಗೆ ಸಂಗ್ರಹಿಸಬೇಕಾದ ಆನ್‌ಲೈನ್ ವೇದಿಕೆಯ ಮೂಲಕ ಮಾರುವವರು ಇವರಲ್ಲಿ ಮುಖ್ಯರು.

ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ವರ್ಷಕ್ಕೆ 35 ಲಕ್ಷ ರೂಪಾಯಿ ವ್ಯಾಪಾರ ಮಾಡುವ ಬಟ್ಟೆ ಅಂಗಡಿಗೆ ನೋಂದಣಿ ಬೇಡ. ವರ್ಷಕ್ಕೆ 2 ಲಕ್ಷ ರೂಪಾಯಿಯ ಬಟ್ಟೆಯನ್ನು ಆನ್‌ಲೈನ್ ವೇದಿಕೆಯಲ್ಲಿ ಮಾರುವ ಹೊಲಿಗೆಯವಳಿಗೆ, ಗ್ರಾಹಕ ಪಕ್ಕದ ಬೀದಿಯವನೇ ಆಗಿದ್ದರೂ, 2023ರ ಸೆಪ್ಟೆಂಬರ್ ಅಂತ್ಯದವರೆಗೆ ನೋಂದಣಿ ಕಡ್ಡಾಯವಾಗಿತ್ತು. ನೋಂದಣಿಯೆಂದರೆ ಒಂದು ಸಂಖ್ಯೆ ಪಡೆದು ಸುಮ್ಮನಿರುವುದಲ್ಲ. ನಿಯತವಾಗಿ ತೆರಿಗೆ ವಿವರಪಟ್ಟಿ ಸಲ್ಲಿಸಬೇಕು, ವ್ಯಾಪಾರವಿಲ್ಲದ ಅವಧಿಗೂ ಶೂನ್ಯ ವಿವರ ಸಲ್ಲಿಸಬೇಕು, ತಡವಾದರೆ ಶುಲ್ಕ ತೆರಬೇಕು. ಲೆಕ್ಕಪತ್ರ ನೋಡುವವರಿಗೆ ಕೊಡುವ ಸಂಭಾವನೆ ಇದರ ಮೇಲೆ.

2023ರ ಅಕ್ಟೋಬರ್ 1ರಿಂದ ಈ ನಿಯಮವನ್ನು ಸಡಿಲಿಸಲಾಯಿತು. ಮಿತಿಯೊಳಗಿನ ಸರಕು ಮಾರಾಟಗಾರರು ಪ್ಯಾನ್ ಆಧರಿಸಿ ಜಿಎಸ್‌ಟಿ ಪೋರ್ಟಲ್‌ನಲ್ಲಿ ಒಂದು ದಾಖಲಾತಿ ಸಂಖ್ಯೆಯನ್ನು ಪಡೆದು, ನೋಂದಣಿಯಿಲ್ಲದೆಯೇ ವೇದಿಕೆಗಳಲ್ಲಿ ಮಾರಬಹುದು. ಷರತ್ತೆಂದರೆ, ಮಾರಾಟ ಒಂದೇ ರಾಜ್ಯದೊಳಗೆ ನಡೆಯಬೇಕು. ರಾಜಿ ತೆರಿಗೆ (ಕಾಂಪೋಸಿಷನ್) ಪದ್ಧತಿಯಲ್ಲಿರುವ ವ್ಯಾಪಾರಿಗಳಿಗೂ ಅಂದಿನಿಂದಲೇ ರಾಜ್ಯದೊಳಗಿನ ಆನ್‌ಲೈನ್ ಮಾರಾಟಕ್ಕೆ ಅವಕಾಶ ದೊರೆಯಿತು. ರಾಜ್ಯದ ಗಡಿ ಮಾತ್ರ ಹಾಗೆಯೇ ಉಳಿಯಿತು. ಹೊಸೂರಿನಿಂದ ಬಂದ ಒಂದು ಬೇಡಿಕೆಯನ್ನು ಆನೇಕಲ್ಲಿನ ನೋಂದಾಯಿಸದ ವ್ಯಾಪಾರಿ ವೇದಿಕೆಯ ಮೂಲಕ ಪೂರೈಸುವಂತಿಲ್ಲ. ದೂರದ ಬೀದರಿಗೆ ಕಳುಹಿಸಲು ಅಡ್ಡಿಯಿಲ್ಲ. ಅಂತರಜಾಲಕ್ಕೆ ಗಡಿಯಿಲ್ಲವೆಂಬ ಮಾತು ತೆರಿಗೆಯ ಮಟ್ಟಿಗೆ ನಿಜವಲ್ಲ.

ಅಧಿಸೂಚಿತ ಕರಕುಶಲ ವಸ್ತುಗಳಿಗೆ ಒಂದು ವಿಶೇಷ ರಿಯಾಯಿತಿ ಇದೆ. ಅರಗು ಬಳಿದ ಮರದ ಸಾಮಾನುಗಳು ಸೇರಿದಂತೆ ಪಟ್ಟಿಯಲ್ಲಿರುವ ವಸ್ತುಗಳನ್ನು, ವಹಿವಾಟು ಮಿತಿಯೊಳಗಿದ್ದರೆ, ಕುಶಲಕರ್ಮಿಯು ನೋಂದಣಿಯಿಲ್ಲದೆಯೂ ಬೇರೆ ರಾಜ್ಯಕ್ಕೆ ಮಾರಬಹುದು. ಪ್ಯಾನ್ ಮತ್ತು ಸಾಗಣೆಗೆ ಇ-ವೇ ಬಿಲ್ ಇರಬೇಕು. ಚನ್ನಪಟ್ಟಣದ ಬೊಂಬೆ ತಯಾರಕರಂಥವರಿಗೆ ಇದು ಉಪಯುಕ್ತ. ಆದರೆ ಈ ಅನುಕೂಲ ದೊರೆಯುವುದು ಗ್ರಾಹಕನಿಗೆ ನೇರವಾಗಿ ಮಾರಿದಾಗ. ವೇದಿಕೆಯ ಮೂಲಕ ಹೊರರಾಜ್ಯಕ್ಕೆ ಮಾರುವಾಗ ಮೇಲೆ ಹೇಳಿದ ನಿರ್ಬಂಧ ಎದುರಾಗುತ್ತದೆ.

ನೋಂದಾಯಿತ ಮಾರಾಟಗಾರರ ಹಣದಿಂದ ವೇದಿಕೆಯು ಮೂಲದಲ್ಲಿಯೇ ಜಿಎಸ್‌ಟಿ ಸಂಗ್ರಹಿಸುವ ಪದ್ಧತಿ 2018ರ ಅಕ್ಟೋಬರ್ 1ರಂದು ಆರಂಭವಾಯಿತು. ಮೊದಲು ಇದರ ದರ ಶೇ. 1 ಇತ್ತು. 2024ರ ಜುಲೈ 10ರಿಂದ ಶೇ. 0.5ಕ್ಕೆ ಇಳಿಯಿತು. 2020ರಲ್ಲಿ ಬಂದ ಆದಾಯ ತೆರಿಗೆಯ ಕಡಿತವೂ ಶೇ. 1ರಿಂದ 2024ರ ಅಕ್ಟೋಬರ್‌ನಲ್ಲಿ ಶೇ. 0.1ಕ್ಕೆ ಇಳಿಯಿತು. ಇವು ಹೆಚ್ಚುವರಿ ತೆರಿಗೆಗಳಲ್ಲ, ವ್ಯಾಪಾರಿ ಮುಂದೆ ಹೊಂದಿಸಿಕೊಳ್ಳಬಹುದಾದ ಮೊತ್ತಗಳು. ಆದರೂ ಕೈಯಲ್ಲಿ ಬಂಡವಾಳ ಕಡಿಮೆ ಇರುವವರಿಗೆ, ಬರಬೇಕಾದ ಹಣ ಕೆಲವು ವಾರ ತಡವಾಗುವುದೂ ಸಣ್ಣ ಸಂಗತಿಯಲ್ಲ.

ವೇದಿಕೆಯ ಗೋದಾಮು ಇನ್ನೊಂದು ರಾಜ್ಯದಲ್ಲಿದ್ದು ಸರಕನ್ನು ಅಲ್ಲಿ ದಾಸ್ತಾನು ಮಾಡಿದರೆ, ಆ ರಾಜ್ಯದಲ್ಲಿಯೂ ಪ್ರತ್ಯೇಕ ನೋಂದಣಿ ಬೇಕಾಗುತ್ತದೆ. ಹಲವು ರಾಜ್ಯಗಳಲ್ಲಿ ವೇದಿಕೆಗಳ ಮೂಲಕ ಮಾರುವ ಸಣ್ಣ ವ್ಯಾಪಾರಿಗಳಿಗೆ ಸರಳ ನೋಂದಣಿ ವ್ಯವಸ್ಥೆ ರೂಪಿಸುವುದಕ್ಕೆ ಜಿಎಸ್‌ಟಿ ಮಂಡಳಿಯು 2025ರ ಸೆಪ್ಟೆಂಬರ್‌ನಲ್ಲಿ ತಾತ್ವಿಕ ಒಪ್ಪಿಗೆ ನೀಡಿತು.

ಯುಪಿಐ ವಹಿವಾಟು ಮತ್ತು ಕರ್ನಾಟಕದ ನೋಟಿಸುಗಳು

2025ರ ಜುಲೈ ತಿಂಗಳಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆಗಳ ಇಲಾಖೆಯು ಯುಪಿಐ ಪಾವತಿಗಳ ಮಾಹಿತಿಯನ್ನು ಆಧರಿಸಿ ಅನೇಕ ಸಣ್ಣ ವ್ಯಾಪಾರಿಗಳಿಗೆ ನೋಟಿಸು ನೀಡಿತು. 2021–22ರಿಂದ ಮಿತಿಗಿಂತ ಹೆಚ್ಚಿನ ಹಣ ಪಡೆದೂ ನೋಂದಾಯಿಸಿಕೊಳ್ಳದವರು ಇದರ ಗುರಿಯಾಗಿದ್ದರು. ಬೇಕರಿ, ಕಾಂಡಿಮೆಂಟ್ಸ್, ಚಹಾ ಮತ್ತು ತರಕಾರಿ ವ್ಯಾಪಾರಿಗಳಲ್ಲಿ ಆತಂಕ ಹರಡಿತು. ಬೆಂಗಳೂರಿನ ಹಲವು ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಇದ್ದ ಜಾಗದಲ್ಲಿ ‘ನಗದು ಮಾತ್ರ’ ಎಂಬ ಫಲಕ ಕಾಣಿಸಿಕೊಂಡಿತು.

ಈ ಗೊಂದಲದಲ್ಲಿ ಎರಡು ವಿಷಯಗಳು ಬೆರೆತುಹೋಗಿದ್ದವು. ಖಾತೆಗೆ ಬಂದ ಹಣವೆಲ್ಲ ಮಾರಾಟದ ಹಣವಲ್ಲ. ಕೈಸಾಲ, ಮನೆಯವರು ಕಳುಹಿಸಿದ ಮೊತ್ತ, ಸ್ನೇಹಿತರ ಪಾವತಿ ಎಲ್ಲವೂ ಅದರಲ್ಲಿ ಇರಬಹುದು. ಇನ್ನೊಂದು, ತೆರಿಗೆ ವಿನಾಯಿತಿಯ ಲೆಕ್ಕ. ತಾಜಾ ತರಕಾರಿ, ಹಣ್ಣು, ಬಿಡಿ ಹಾಲಿನಂಥ ವಿನಾಯಿತಿ ಸರಕನ್ನು ಮಾತ್ರ ಮಾರುವವರು ವಹಿವಾಟು ಎಷ್ಟೇ ಇದ್ದರೂ ನೋಂದಣಿ ಪಡೆಯಬೇಕಾಗಿಲ್ಲ. ಆದರೆ ಹಾಲಿನ ಜೊತೆಗೆ ಬಿಸ್ಕತ್ತು, ಸಿಗರೇಟನ್ನೂ ಮಾರಿದರೆ ಹಾಲಿನ ಮಾರಾಟವೂ ಸೇರಿ ನೋಂದಣಿ ಮಿತಿಯ ಲೆಕ್ಕವಾಗುತ್ತದೆ. ತೆರಿಗೆ ಮಾತ್ರ ಬಿಸ್ಕತ್ತು, ಸಿಗರೇಟುಗಳ ಮೇಲಷ್ಟೇ. ಬಹುಪಾಲು ಚಿಲ್ಲರೆ ಅಂಗಡಿಗಳು ಈ ಮಿಶ್ರ ಬಗೆಯವು.

ವ್ಯಾಪಾರಿಗಳು ಜುಲೈ 25ರಂದು ಅಂಗಡಿ ಮುಚ್ಚಿ ಪ್ರತಿಭಟಿಸಲು ಕರೆ ನೀಡಿದರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ವ್ಯಾಪಾರಿ ಪ್ರತಿನಿಧಿಗಳೊಡನೆ ಸಭೆ ನಡೆಸಿ, ನೋಂದಣಿ ಪಡೆಯುವವರಿಂದ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ತಿಳಿಸಿದ ಮೇಲೆ ಆ ಕರೆಯನ್ನು ಹಿಂತೆಗೆದುಕೊಳ್ಳಲಾಯಿತು. ಯುಪಿಐ ಬಳಸದಿದ್ದರೆ ತೆರಿಗೆ ಇಲ್ಲ ಎಂಬ ನಂಬಿಕೆ ತಪ್ಪು. ತೆರಿಗೆ ಬೀಳುವುದು ಪೂರೈಕೆಯ ಮೇಲೆಯೇ ಹೊರತು ಪಾವತಿಯ ವಿಧಾನದ ಮೇಲಲ್ಲ.

ಸರಕಿನ ವಿವರ ಮತ್ತು ಜಾಹೀರಾತು

ಕಾನೂನು ಮಾಪನಶಾಸ್ತ್ರದ ಪೊಟ್ಟಣ ಸರಕು ನಿಯಮಗಳ ತಿದ್ದುಪಡಿಯಂತೆ, 2018ರ ಜನವರಿ 1ರಿಂದ ಆನ್‌ಲೈನ್‌ನಲ್ಲಿ ಮಾರುವ ಪೊಟ್ಟಣ ಸರಕಿನ ಗರಿಷ್ಠ ಚಿಲ್ಲರೆ ಬೆಲೆ, ನಿವ್ವಳ ಪ್ರಮಾಣ, ತಯಾರಕರ ಹೆಸರು ಮತ್ತು ವಿಳಾಸ ಮೊದಲಾದವನ್ನು ಪರದೆಯ ಮೇಲೂ ತೋರಿಸಬೇಕು. ಮನೆಯಲ್ಲಿ ಉಪ್ಪಿನಕಾಯಿ, ಚಕ್ಕುಲಿ ಮಾಡಿ ಮಾರುವವರು ಆಹಾರ ಸುರಕ್ಷತಾ ಕಾಯ್ದೆಯಡಿ ನೋಂದಣಿ ಪಡೆದು, 14 ಅಂಕಿಗಳ ಸಂಖ್ಯೆಯನ್ನು ಚೀಟಿಯಲ್ಲಿ ಮುದ್ರಿಸಬೇಕು. ಇದು ಜಿಎಸ್‌ಟಿ ನೋಂದಣಿಗಿಂತ ಬೇರೆ. ಒಂದನ್ನು ಪಡೆದವರು ಇನ್ನೊಂದನ್ನೂ ಪಡೆದಂತಾಯಿತೆಂದು ಭಾವಿಸುವುದುಂಟು.

ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು 2020ರ ಜುಲೈ 23ರಂದು ಜಾರಿಗೆ ಬಂದವು. ಕುಂದುಕೊರತೆ ಅಧಿಕಾರಿಯು ದೂರನ್ನು 48 ಗಂಟೆಗಳೊಳಗೆ ಸ್ವೀಕರಿಸಿ ಒಂದು ತಿಂಗಳೊಳಗೆ ಪರಿಹರಿಸಬೇಕು. ವೇದಿಕೆಯಲ್ಲಿ ಮಾರುವವರೂ ಇಂಥ ಅಧಿಕಾರಿಯನ್ನು ಹೆಸರಿಸಬೇಕಾಗುತ್ತದೆ. ಒಬ್ಬನೇ ನಡೆಸುವ ವ್ಯಾಪಾರದಲ್ಲಿ ಆ ಅಧಿಕಾರಿ ಮಾಲೀಕನೇ. ದಾರಿ ತಪ್ಪಿಸುವ ಜಾಹೀರಾತುಗಳ ಕುರಿತ ಮಾರ್ಗಸೂಚಿ 2022ರ ಜೂನ್‌ನಲ್ಲಿ ಬಂದಿತು. ಹಣ ಅಥವಾ ಉಡುಗೊರೆ ಪಡೆದು ಸರಕನ್ನು ಹೊಗಳುವವರು ಆ ಸಂಬಂಧವನ್ನು ಬಹಿರಂಗಪಡಿಸಬೇಕು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಬಾರಿ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಕೂದಲೆಣ್ಣೆಯಿಂದ ಬೋಳುತಲೆ ವಾಸಿಯಾಗುತ್ತದೆ ಎಂಬಂಥ ಆಧಾರವಿಲ್ಲದ ಮಾತು, ಸಣ್ಣ ವ್ಯಾಪಾರಿಯ ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿದ್ದರೂ ಜಾಹೀರಾತೇ.

ವ್ಯಾಪಾರ ಸಂಬಂಧಿ ಎಸ್‌ಎಂಎಸ್ ಕಳುಹಿಸಲು ಟ್ರಾಯ್‌ನ 2018ರ ನಿಯಮಾವಳಿಯಂತೆ ಕಳುಹಿಸುವವರ ಹೆಸರನ್ನೂ ಸಂದೇಶದ ಮಾದರಿಯನ್ನೂ ಮೊದಲೇ ನೋಂದಾಯಿಸಬೇಕು. ಗ್ರಾಹಕರ ದೂರವಾಣಿ ಸಂಖ್ಯೆ, ವಿಳಾಸಗಳ ಬಳಕೆಗೆ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023 ಸಂಬಂಧಿಸಿದ್ದು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು.

ವೇದಿಕೆಗಳ ಮೇಲಿನ ಅವಲಂಬನೆ

ಸರ್ಕಾರದ ನಿಯಮಗಳಷ್ಟೇ ವೇದಿಕೆಗಳ ನಿಯಮಗಳೂ ಸಣ್ಣ ವ್ಯಾಪಾರಿಯನ್ನು ಕಟ್ಟಿಹಾಕುತ್ತವೆ. ಕಮಿಷನ್, ಹಿಂದಿರುಗಿದ ಸರಕಿನ ವೆಚ್ಚ, ಹುಡುಕಾಟದ ಪಟ್ಟಿಯಲ್ಲಿ ಮೇಲೆ ಕಾಣಿಸಿಕೊಳ್ಳಲು ಕೊಡುವ ಜಾಹೀರಾತಿನ ಹಣ ಇವೆಲ್ಲ ಲಾಭವನ್ನು ತಗ್ಗಿಸುತ್ತವೆ. ವಿದೇಶಿ ಬಂಡವಾಳವಿರುವ ವೇದಿಕೆಗಳು ತಮ್ಮಲ್ಲಿ ಮಾತ್ರ ಮಾರಬೇಕೆಂದು ಯಾವ ಮಾರಾಟಗಾರನನ್ನೂ ಒತ್ತಾಯಿಸಬಾರದೆಂಬ ನಿಯಮ 2019ರ ಫೆಬ್ರುವರಿ 1ರಿಂದ ಜಾರಿಯಲ್ಲಿದೆ. ದೆಹಲಿಯ ವ್ಯಾಪಾರಿ ಸಂಘವೊಂದರ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗವು 2020ರ ಜನವರಿಯಲ್ಲಿ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ವಿರುದ್ಧ ತನಿಖೆಗೆ ಆದೇಶಿಸಿತು. ಆಯ್ದ ಕೆಲವು ಮಾರಾಟಗಾರರಿಗೆ ಹೆಚ್ಚಿನ ಆದ್ಯತೆ ದೊರೆಯುತ್ತಿದೆ ಎಂಬುದು ಆ ದೂರಿನ ಒಂದು ಅಂಶ. ಆದೇಶವನ್ನು ಪ್ರಶ್ನಿಸಿದ ಅರ್ಜಿಗಳನ್ನು ಕರ್ನಾಟಕ ಹೈಕೋರ್ಟ್ 2021ರ ಜೂನ್‌ನಲ್ಲಿ ವಜಾಗೊಳಿಸಿತು. ವಿಭಾಗೀಯ ಪೀಠವೂ ಜುಲೈನಲ್ಲಿ ಅದನ್ನೇ ಎತ್ತಿಹಿಡಿಯಿತು, ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಲು ನಿರಾಕರಿಸಿತು.

ಒಂದೇ ಕಂಪನಿಯ ಜಾಲತಾಣಕ್ಕೆ ಕಟ್ಟುಬೀಳದೆ, ಯಾವ ಆ್ಯಪ್‌ನ ಗ್ರಾಹಕನಿಗಾದರೂ ಯಾವ ಆ್ಯಪ್‌ನ ಮಾರಾಟಗಾರನಾದರೂ ಕಾಣಿಸುವಂತೆ ಮಾಡುವ ಉದ್ದೇಶದಿಂದ ಕೇಂದ್ರ ಸರ್ಕಾರದ ಬೆಂಬಲದೊಂದಿಗೆ ಓಎನ್‌ಡಿಸಿ ಎಂಬ ಮುಕ್ತ ಜಾಲವನ್ನು 2021ರ ಡಿಸೆಂಬರ್‌ನಲ್ಲಿ ಸ್ಥಾಪಿಸಲಾಯಿತು. 2022ರ ಏಪ್ರಿಲ್‌ನಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಐದು ನಗರಗಳಲ್ಲಿ ಬೆಂಗಳೂರೂ ಒಂದು. ಸಾರ್ವಜನಿಕರ ಬಳಕೆಗೆ ಅದು ಅದೇ ವರ್ಷದ ಸೆಪ್ಟೆಂಬರ್ 30ರಂದು ಇಲ್ಲಿಯೇ ತೆರೆದುಕೊಂಡಿತು.