ಯಾವ ಪಿಕ್ಚರಿನಲ್ಲೂ ಇಲ್ಲದ ಆರು ತಿಂಗಳು!

ಆ ಸೀನು ನಿಮಗೆಲ್ಲ ಬಾಯಿಪಾಠ. ಲೇಬರ್ ವಾರ್ಡಿನ ಹೊರಗೆ ಹೀರೋ ಶತಪಥ ಹಾಕುತ್ತಿದ್ದಾನೆ. ಒಳಗಿನಿಂದ ಒಂದು ಚೀತ್ಕಾರ... ಹಿಂದೆಯೇ ಮಗುವಿನ ಅಳು. ನರ್ಸಮ್ಮ ಬಾಗಿಲು ತೆರೆದು "ಗಂಡು ಮಗು ಸಾರ್!" ಅಂತಾಳೆ. ತೊಟ್ಟಿಲ ಹಾಡು, ಒಂದೇ ಚರಣ. ಕಟ್! ಮುಂದಿನ ಶಾಟ್‌ನಲ್ಲಿ ಅದೇ ಮಗು ಚಡ್ಡಿ ಹಾಕಿಕೊಂಡು ಸ್ಕೂಲಿಗೆ ಓಡುತ್ತಿದೆ. ನಾವು ಶಿಳ್ಳೆ ಹೊಡೆಯುತ್ತೇವೆ.

ಮಧ್ಯದ ರೀಲು ಎಲ್ಲಿ ಹೋಯ್ತು ಸ್ವಾಮೀ?

ಶಿಳ್ಳೆ ಹೊಡೆದವರಲ್ಲಿ ನಾನೂ ಒಬ್ಬ. ಪಿಯುಸಿ ಅರ್ಧಕ್ಕೆ ಬಿಟ್ಟು ಸಿನಿಮಾ ಪುಟಗಳಿಗೆ ಬರೆಯಲು ಬಂದವನು. ತಾಯಿ ಪಾತ್ರ ಅಂದರೆ ನನ್ನ ಪೆನ್ನು ನಿಲ್ಲುವುದಿಲ್ಲ. 1954ರ 'ಬೇಡರ ಕಣ್ಣಪ್ಪ'ದಲ್ಲಿ ಅಣ್ಣಾವ್ರಿಗೆ ನಾಯಕಿಯಾಗಿದ್ದ ಪಂಡರಿಬಾಯಿ ಮುಂದೆ ಅವರಿಗೇ ತಾಯಿಯಾಗಿ ನಟಿಸಿದ್ದನ್ನು ಎಷ್ಟು ಸಲ ಬರೆದಿದ್ದೇನೋ! ಆದರೆ ನನ್ನ ಮನೆಗೇ ಒಬ್ಬಳು ಹೊಸ ತಾಯಿ ಬಂದಾಗ ಅವಳಿಗೆ ಏನು ಬೇಕು ಅಂತ ನನಗೆ ಗೊತ್ತಿರಲಿಲ್ಲ.

ಮೊದಲ ಹೆರಿಗೆ, ತವರಿನಲ್ಲಿ ಬಾಣಂತನ. ತಿಪಟೂರಿನ ಹತ್ತಿರ ಅತ್ತೆ ಮನೆ. ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು, ಕಿವಿ ಮುಚ್ಚುವ ಹಾಗೆ ತಲೆಗೆ ಬಟ್ಟೆ... ಮೂರು ತಿಂಗಳು ನಾನು ಬರೀ ಭಾನುವಾರದ ಗೆಸ್ಟ್ ಆರ್ಟಿಸ್ಟ್. ಆಮೇಲೆ ತಾಯಿ-ಮಗಳು ಬೆಂಗಳೂರಿನ ನಮ್ಮ ಬಾಡಿಗೆ ರೂಮಿಗೆ ಬಂದರು. ಬಾಣಂತನ ಮುಗೀತಲ್ಲ, ಇನ್ನೇನು ಅಂತ ನಾನು ಎಂದಿನಂತೆ ಗಾಂಧಿನಗರಕ್ಕೆ ಹೊರಟೆ.

ಒಂದು ಶುಕ್ರವಾರ. ಹೊಸ ಪಿಕ್ಚರಿನ ಮೊದಲ ಶೋ ನೋಡಿ, ಅಭಿಮಾನಿಗಳು ಕಟೌಟಿಗೆ ಹಾಲಿನ ಅಭಿಷೇಕ ಮಾಡಿದ್ದನ್ನು ಬರೆದುಕೊಂಡು ಸಾಯಂಕಾಲ ಮನೆಗೆ ಬಂದೆ. ಬಾಗಿಲಲ್ಲಿ ಪಕ್ಕದ ಮನೆ ಅಜ್ಜಿ, ಅವರ ತೊಡೆ ಮೇಲೆ ನನ್ನ ಮಗಳು. ಇವಳು ಬಟ್ಟೆ ಒಗೆಯುತ್ತಿದ್ದಾಗ ಕಣ್ಣು ಕತ್ತಲೆ ಬಂದು ಬಿದ್ದುಬಿಟ್ಟಿದ್ದಳಂತೆ. ಮಗು ಚಾಪೆಯ ಮೇಲಿತ್ತು, ಅದೇ ಪುಣ್ಯ.

"ಬೆಳಗ್ಗೆಯಿಂದ ಏನು ತಿಂದೆ?"

"ಕಾಫಿ ಕುಡಿದೆ ಕಣ್ರೀ."

"ಆಮೇಲೆ?"

"ಆಮೇಲೆ... ಇನ್ನೊಂದು ಕಾಫಿ."

ಕಟೌಟಿಗೆ ಸುರಿದ ಹಾಲಿನ ಲೆಕ್ಕ ನನ್ನ ಜೇಬಿನಲ್ಲಿತ್ತು. ಮಗುವಿಗೆ ಹಾಲೂಡಿಸುವವಳ ಹೊಟ್ಟೆ ಖಾಲಿಯಿತ್ತು.

ಮಾರನೇ ದಿನ ಸರ್ಕಾರಿ ಆಸ್ಪತ್ರೆ. ರಕ್ತ ಪರೀಕ್ಷೆಯಲ್ಲಿ ರಕ್ತಹೀನತೆ ಅಂತ ಬಂತು. ಹೆರಿಗೆಯಾದ ಮೇಲೆ ಕೊಟ್ಟಿದ್ದ ಕಬ್ಬಿಣಾಂಶದ ಮಾತ್ರೆ ಟ್ರಂಕಿನಲ್ಲಿ ಹಾಗೇ ಕೂತಿತ್ತು! ಇದು ನಮ್ಮೊಬ್ಬರ ಮನೆ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಮ್ಮಿ ಇಬ್ಬರಲ್ಲಿ ಒಬ್ಬರಿಗೆ ರಕ್ತಹೀನತೆ.

ಅಲ್ಲಿನ ಸಿಸ್ಟರ್ ಇವಳನ್ನು ಬೈಯಲಿಲ್ಲ, ನನ್ನ ಕಡೆ ತಿರುಗಿದರು. "ಒಂದೇ ದಿನ ಎಲ್ಲಾ ಬದಲಾಯಿಸ್ತೀನಿ ಅಂತ ಹೋಗಬೇಡಪ್ಪ. ದಿನಾ ಹೇಗಿದ್ರೂ ನಡೆಯೋ ಕೆಲಸಕ್ಕೆ ಒಂದೊಂದು ಸಣ್ಣ ಅಭ್ಯಾಸ ಗಂಟು ಹಾಕು. ವಾರಕ್ಕೆ ಒಂದೇ ಒಂದು."

ಮೊದಲ ವಾರ ನೀರು. ಮಗುವಿಗೆ ಹಾಲೂಡಿಸಲು ಕೂತಾಗಲೆಲ್ಲ ಪಕ್ಕದಲ್ಲಿ ಒಂದು ಚೊಂಬು. ಬಾಣಂತಿ ನೀರು ಕುಡಿದರೆ ಮಗುವಿಗೆ ಶೀತ ಅಂತ ಕೇಳಿ ಕೇಳಿ ಇವಳು ಬಾಯಾರಿದರೂ ಸುಮ್ಮನಿರುತ್ತಿದ್ದಳು. ಅದು ಸುಳ್ಳು, ಬಾಯಾರಿದಷ್ಟು ಕುಡಿಯಬೇಕು ಅಂದರು ಸಿಸ್ಟರ್. ಚೊಂಬು ತುಂಬಿಡುವುದು ನನ್ನ ಡ್ಯೂಟಿ.

ಎರಡನೇ ವಾರ ಮಾತ್ರೆ. ಹೆರಿಗೆಯಾದ ಮೇಲೆ ದಿನಕ್ಕೊಂದರಂತೆ 180 ದಿನ ಅನ್ನೋದು ಸರ್ಕಾರದ ಲೆಕ್ಕ. ಇವಳಿಗೆ ರಕ್ತ ಕಮ್ಮಿಯಿದ್ದದ್ದರಿಂದ ಡಾಕ್ಟರು ಬೇರೆ ಲೆಕ್ಕ ಬರೆದುಕೊಟ್ಟರು. ಊಟದ ತಟ್ಟೆ ತೊಳೆದ ಕೂಡಲೇ ಮಾತ್ರೆ, ಊಟಕ್ಕೆ ನಿಂಬೆಹುಳಿ. ಕಾಫಿ, ಟೀ ಮಾತ್ರ ಆ ಹೊತ್ತಿಗೆ ಬೇಡವೇ ಬೇಡ, ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಯೂ ಅದರ ಜೊತೆ ಬೇಡ, ಬೇರೆ ಹೊತ್ತಿಗೆ. ಮಲ ಕಪ್ಪಾದರೆ ಹೆದರಬೇಡಿ, ಅದು ಮಾತ್ರೆಯ ಬಣ್ಣ.

ಮೂರನೇ ವಾರ ತಿಂಡಿ. ಕಾಫಿಗಿಂತ ಮುಂಚೆ ಹೊಟ್ಟೆಗೆ ಏನಾದರೂ ಬೀಳಲೇಬೇಕು. ಬೆಳಗ್ಗೆ ಎರಡು ಮೊಟ್ಟೆ ಬೇಯಿಸುವುದನ್ನು ನಾನು ಕಲಿತೆ. ನಗಬೇಡಿ! ರಾಗಿ, ನುಗ್ಗೆಸೊಪ್ಪು, ಹೆಸರುಕಾಳು, ಇವೆಲ್ಲ ಸಂತೆಯಲ್ಲಿ ಸಿಗುವ ಸಾಮಾನೇ. ಅಂಗನವಾಡಿಯಲ್ಲಿ ಬಾಣಂತಿಯರಿಗೆ ಬಿಸಿಯೂಟ ಕೊಡುವ 'ಮಾತೃಪೂರ್ಣ' ಯೋಜನೆ 2017ರಲ್ಲಿ ಶುರುವಾಯಿತು, ನಿಮ್ಮ ಕಡೆ ವಿಚಾರಿಸಿ.

ನಾಲ್ಕನೇ ವಾರ ನಿದ್ದೆ. ರಾತ್ರಿ 10ಕ್ಕೆ ಹಾಲೂಡಿಸಿ ಅವಳು ಮಲಗಿದರೆ 2 ಗಂಟೆವರೆಗೆ ಮಗು ನನ್ನದು. ಹಸಿದು ಅತ್ತರೆ ಮಾತ್ರ ಎಬ್ಬಿಸುತ್ತಿದ್ದೆ. ನನ್ನ ಲೇಖನಗಳೆಲ್ಲ ಈಗ ಆ ಹೊತ್ತಿನಲ್ಲೇ, ಒಂದು ಕೈಯಲ್ಲಿ ಮಗಳು, ಇನ್ನೊಂದು ಕೈಯಲ್ಲಿ ಪೆನ್ನು. ಸಾಯಂಕಾಲ ಬೀದಿ ಕೊನೆಯ ಅರಳಿಮರದ ತನಕ ಇವಳು ಹತ್ತು ನಿಮಿಷ ನಡೆದು ಬರುತ್ತಾಳೆ. ಒಬ್ಬಳೇ!

ಎಲ್ಲಾ ಸಲೀಸಾಗಿ ನಡೀತು ಅಂದರೆ ಸುಳ್ಳಾಗುತ್ತೆ. ಎರಡನೇ ವಾರದಲ್ಲೇ ಮಗುವಿಗೆ ಇಂಜೆಕ್ಷನ್ ಹಾಕಿಸಿ ಜ್ವರ. ಎರಡು ದಿನ ಮಾತ್ರೆಯೂ ಇಲ್ಲ, ನೀರೂ ಇಲ್ಲ. "ನನ್ನ ಕೈಲಿ ಆಗಲ್ಲ ಕಣ್ರೀ" ಅಂತ ಅತ್ತಳು. "ಒಂದು ಶೋ ತಪ್ಪಿದ್ರೆ ಪಿಕ್ಚರ್ ಎತ್ತಿಬಿಡ್ತಾರೇನೇ? ನಾಳೆಯಿಂದ ಮತ್ತೆ ಹಾಕೋಣ" ಅಂದೆ. ಮತ್ತೆ ಹಾಕಿದೆವು.

ಅಳುವಿನ ವಿಷಯಕ್ಕೆ ಸಿಸ್ಟರ್ ಇನ್ನೊಂದು ಮಾತು ಹೇಳಿದ್ದರು. ಹೆರಿಗೆಯಾದ ಮೊದಲ ಕೆಲವು ದಿನ ಸುಮ್ಮಸುಮ್ಮನೆ ಅಳು ಬರುವುದು ಸಹಜ. ಎರಡು ವಾರ ದಾಟಿಯೂ ದುಃಖ ಇಳಿಯದಿದ್ದರೆ, ಮಗು ಮಲಗಿದರೂ ತಾಯಿಗೆ ನಿದ್ದೆ ಹತ್ತದಿದ್ದರೆ, ಅದು ಹಟವೂ ಅಲ್ಲ, ಗಾಳಿ ಸೋಕಿದ್ದೂ ಅಲ್ಲ. ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಸರ್ಕಾರದ 'ಟೆಲಿ ಮಾನಸ್' ನಂಬರು 14416, ಕಾಸಿಲ್ಲದೆ ಮಾತಾಡಬಹುದು.

ಎರಡು ತಿಂಗಳಾದ ಮೇಲೆ ಮತ್ತೆ ರಕ್ತ ಪರೀಕ್ಷೆ. ಸಿಸ್ಟರ್ ಚೀಟಿ ನೋಡಿ ನಕ್ಕರು. ನನಗೆ ಸಿಲ್ವರ್ ಜ್ಯೂಬಿಲಿ!

ಮೊನ್ನೆ ಮಗಳನ್ನು ಅತ್ತೆಯ ಕೈಗೆ ಕೊಟ್ಟು ಇಬ್ಬರೂ ಪಿಕ್ಚರಿಗೆ ಹೋಗಿದ್ದೆವು. ಅದೇ ಲೇಬರ್ ವಾರ್ಡು, ಅದೇ "ಗಂಡು ಮಗು ಸಾರ್!", ಅದೇ ಕಟ್. ಹಿಂದಿನ ಸೀಟಿನ ಹುಡುಗರು ಶಿಳ್ಳೆ ಹೊಡೆದರು. ಇವಳು ನನ್ನ ಕಿವಿಯಲ್ಲಿ, "ರೀ, ಪಾಪ ಆ ಹೀರೋಯಿನ್‌ಗೆ ಒಂದು ಚೊಂಬು ನೀರು ಕೊಟ್ಟೋರು ಯಾರು?" ಅಂದಳು.

ಅಭಿಮಾನಿ ಮಿತ್ರರೇ, ನಿಮ್ಮ ಮನೆಯಲ್ಲೂ ಅಕ್ಕನೋ ಅತ್ತಿಗೆಯೋ ಹೆಂಡತಿಯೋ ಬಾಣಂತಿಯಾಗಿದ್ದಾರು. ಬಸ್ ಇಳಿದು ಮನೆಗೆ ಹೋದ ಕೂಡಲೇ ಒಂದು ಚೊಂಬು ನೀರು ತುಂಬಿಡಿ. "ಊಟ ಆಯ್ತಾ?" ಅಂತ ಕೇಳಿ. ಶಿಳ್ಳೆ ಆಮೇಲೆ ಹೊಡೆಯೋಣ.