ಒಂದೊಂದೇ ಕಣ್ಣು ಮುಚ್ಚಿ

ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತ ಬಾಲಕನೊಬ್ಬ ಕರಿಹಲಗೆಯ ಮೇಲಿನ ಲೆಕ್ಕವನ್ನು ತಪ್ಪಾಗಿ ಬರೆದುಕೊಳ್ಳುತ್ತಾನೆ. ಗಮನವಿಲ್ಲವೆಂದು ಉಪಾಧ್ಯಾಯರು ಗದರಿಸುತ್ತಾರೆ; ದಡ್ಡನೆಂಬ ಹೆಸರೂ ಅಂಟಿಕೊಳ್ಳುತ್ತದೆ. ಅವನಿಗೆ ಸರಿಯಾಗಿ ಕಾಣಿಸುತ್ತಿಲ್ಲವೆಂಬುದು ಅವರಿಗೆ ತಿಳಿಯದು. ಸೋಜಿಗವೆಂದರೆ, ಅವನಿಗೂ ತಿಳಿಯದು. ಕಣ್ಣು ಕೆಂಪಾಗಿಲ್ಲ, ನೋವಿಲ್ಲ, ನೀರು ಸುರಿಯುತ್ತಿಲ್ಲ. ಲೋಕವನ್ನು ಮಸುಕಾಗಿಯೇ ಕಂಡು ರೂಢಿಯಾದ ಮಗು ದೂರುವುದಾದರೂ ಏನನ್ನು? ಆದಕಾರಣವೇ ಮಗು ಹೇಳಲೆಂದು ಕಾಯದೆ, ಶಾಲೆಯಲ್ಲಿಯೇ ಎಲ್ಲ ಮಕ್ಕಳ ದೃಷ್ಟಿಯನ್ನೂ ಪರೀಕ್ಷಿಸುವ ಕ್ರಮ ಬಂದಿತು.

ಇದಕ್ಕೆ ಬೇಕಾದ ಸಲಕರಣೆ ಬಲು ಸರಳ. ಹಾಲೆಂಡಿನ ಯುಟ್ರೆಕ್ಟ್ ನಗರದ ನೇತ್ರವೈದ್ಯ ಹರ್ಮನ್ ಸ್ನೆಲೆನ್ 1862ರಲ್ಲಿ ಪ್ರಕಟಿಸಿದ ಅಕ್ಷರಪಟವೇ ಇದಕ್ಕೆ ಮೂಲ. 6 ಮೀಟರ್ ದೂರದಿಂದ ಸುಮಾರು 9 ಮಿಲಿಮೀಟರ್ ಎತ್ತರದ ಅಕ್ಷರವನ್ನು ಗುರುತಿಸಬಲ್ಲ ಕಣ್ಣಿನ ದೃಷ್ಟಿ 6/6. 6/12 ಎಂದರೆ, ಸಹಜ ದೃಷ್ಟಿಯವರು 12 ಮೀಟರಿನಿಂದ ಓದುವುದನ್ನು ಈ ಮಗು 6 ಮೀಟರಿಗೆ ಬಂದರೆ ಮಾತ್ರ ಓದೀತು. ಅಕ್ಷರ ಬಾರದ ಮಕ್ಕಳಿಗೆ ಇಂಗ್ಲಿಷಿನ 'ಇ' ಆಕೃತಿಯನ್ನು ನಾನಾ ದಿಕ್ಕಿಗೆ ತಿರುಗಿಸಿ ತೋರಿಸುತ್ತಾರೆ. ಅದರ ಕಡ್ಡಿಗಳು ಯಾವ ಕಡೆಗಿವೆಯೋ ಆ ಕಡೆಗೆ ಮಗು ಬೆರಳು ತೋರಿದರಾಯಿತು. ನಮ್ಮ ದೇಶದಲ್ಲಿ 1976ರಲ್ಲಿ ಆರಂಭವಾದ ಅಂಧತ್ವ ನಿಯಂತ್ರಣ ಕಾರ್ಯಕ್ರಮವು ಮುಂದೆ ಈ ಕೆಲಸವನ್ನು ಉಪಾಧ್ಯಾಯರಿಗೇ ಕಲಿಸಿತು. ದೂರವನ್ನು ಅಳೆಯಲು ಒಂದು ಟೇಪು, 6/9 ಅಳತೆಯ ಒಂದು ಕಾರ್ಡು. ಎರಡರಲ್ಲಿ ಯಾವ ಕಣ್ಣಿಗೆ ಅದು ಕಾಣದಿದ್ದರೂ ಮಗುವನ್ನು ನೇತ್ರ ಪರೀಕ್ಷಕರಲ್ಲಿಗೆ ಕಳುಹಿಸಬೇಕು. ರೋಗವನ್ನು ನಿರ್ಣಯಿಸುವುದು ಉಪಾಧ್ಯಾಯರ ಹೊಣೆಯಲ್ಲ.

ಯಾವ ಕಣ್ಣಿಗೆ ಎಂಬ ಮಾತಿನಲ್ಲಿಯೇ ವಿಷಯದ ತಿರುಳಿದೆ. ಒಂದು ಕಣ್ಣು ಚೆನ್ನಾಗಿದ್ದರೆ ಮಗು ಓಡುತ್ತದೆ, ಓದುತ್ತದೆ, ಚೆಂಡು ಹಿಡಿಯುತ್ತದೆ. ಇನ್ನೊಂದು ಕಣ್ಣಿನ ದೋಷ ಯಾರ ಅರಿವಿಗೂ ಬಾರದು. ಆದರೆ ಆ ಕಣ್ಣಿನಿಂದ ಬರುವ ಮಸುಕಾದ ಚಿತ್ರವನ್ನು ಮಿದುಳು ಕ್ರಮೇಣ ಉಪೇಕ್ಷಿಸತೊಡಗುತ್ತದೆ. ಇದನ್ನೇ ಸೋಮಾರಿ ಕಣ್ಣು ಎನ್ನುವುದು. (ಸೋಮಾರಿತನ ಕಣ್ಣಿನದಲ್ಲವಾದರೂ ಹೆಸರು ಮಾತ್ರ ಅದಕ್ಕೇ ಬಂದಿದೆ.) ಏಳೆಂಟು ವರ್ಷದೊಳಗೆ ಇದು ಪತ್ತೆಯಾದರೆ ತಕ್ಕ ಕನ್ನಡಕ ಕೊಟ್ಟು, ಒಳ್ಳೆಯ ಕಣ್ಣನ್ನು ದಿನಕ್ಕೆ ಕೆಲವು ಗಂಟೆ ಮುಚ್ಚಿಟ್ಟು ಸೊರಗಿದ ಕಣ್ಣಿಗೆ ಕೆಲಸ ಕೊಡಬಹುದು. ವಯಸ್ಸು ಮೀರಿದಷ್ಟೂ ಫಲ ಕಡಿಮೆ. ಆಮೇಲೆ ಎಂತಹ ಕನ್ನಡಕ ಹಾಕಿದರೂ ಆ ಕಣ್ಣು ಪೂರ್ತಿ ತಿಳಿಯಾಗದಿರಬಹುದು.

ಆದ್ದರಿಂದ ಕಣ್ಣು ಮುಚ್ಚಿಸುವಾಗ ಎಚ್ಚರ ಬೇಕು. ಮಕ್ಕಳು ಬೆರಳ ಸಂದಿಯಿಂದ ಇಣುಕುತ್ತಾರೆ. ಸರದಿಯಲ್ಲಿ ನಿಂತು ಮುಂದಿನವನ ಉತ್ತರವನ್ನು ಬಾಯಿಪಾಠ ಮಾಡುತ್ತಾರೆ. ಇದು ಮೋಸವಲ್ಲ; ಪರೀಕ್ಷೆಯೆಂದರೆ ತೇರ್ಗಡೆಯಾಗಬೇಕೆಂದೇ ಅಲ್ಲವೇ ನಾವು ಅವರಿಗೆ ಕಲಿಸಿರುವುದು? ಕಣ್ಣಿಗೆ ಅಂಗೈಯನ್ನೋ ರಟ್ಟನ್ನೋ ಅಡ್ಡಹಿಡಿದು, 'ಇ'ಯ ದಿಕ್ಕನ್ನು ಪ್ರತಿಸಲವೂ ಬದಲಿಸುತ್ತಿರಬೇಕು.

ಕನ್ನಡಕ ಕೈಸೇರಿದ ಮೇಲೆ ಇನ್ನೊಂದು ತೊಡಕು. 'ಸೋಡಾಬುಡ್ಡಿ' ಎಂಬ ಸಹಪಾಠಿಗಳ ಹಾಸ್ಯಕ್ಕೆ ಅಂಜಿ ಹುಡುಗ ಅದನ್ನು ಚೀಲದಲ್ಲಿಯೇ ಬಚ್ಚಿಡುತ್ತಾನೆ. ಹುಡುಗಿಯಾದರೆ ಹೆತ್ತವರೇ, ಮುಂದೆ ಮದುವೆಗೆ ಅಡ್ಡಿಯಾದೀತೆಂದು, ಬೇಡವೆನ್ನುವುದುಂಟು. ಆಗ ಉಪಾಧ್ಯಾಯರ ಒಂದು ಮಾತಿಗೆ ಬಹಳ ಬೆಲೆ. ಅಲ್ಲದೆ, ಮಗು ಬೆಳೆದಂತೆ ಕಣ್ಣುಗುಡ್ಡೆಯೂ ಬೆಳೆಯುತ್ತದೆ. ಈ ವರ್ಷ ಸರಿಹೋದ ಕನ್ನಡಕ ಬರುವ ವರ್ಷಕ್ಕೆ ಸಾಲದೆ ಹೋಗಬಹುದು. ಬೇಸಿಗೆ ರಜೆ ಕಳೆದು ಶಾಲೆ ತೆರೆದಾಗ ಆ ಟೇಪನ್ನೂ ಕಾರ್ಡನ್ನೂ ಬೀರುವಿನಿಂದ ಮತ್ತೆ ಹೊರತೆಗೆಯಬೇಕು.